ಬ್ಯಾಂಕಾಕ್ ಟ್ರಿಪ್‌ಗೆ ಹೊರಟೋರೇ, ಊಟದ ಪ್ಯಾಕೇಜ್ ಬೇಡ ಅನ್ನಿ

ಕಾಲೇಜ್ ಟ್ರಿಪ್ ಅಂದ್ರೆ ಗೋವಾ ಅನ್ನೋ ಕಾಲ ಹೋಯ್ತು. ಈಗ ಯಾವ ಬ್ರಾಂಚಿನ ಸೀನಿಯರ್ಸ್ ಬಾಯಲ್ಲಿ ನೋಡಿದ್ರೂ ಬ್ಯಾಂಕಾಕ್, ಪಟ್ಟಾಯ, ಫುಕೆಟ್. ಟ್ರಾವೆಲ್ಸ್‌ನವರು ಕಳಿಸೋ ಪಿಡಿಎಫ್‌ಗಳು ವಾಟ್ಸ್ಯಾಪ್ ಗ್ರೂಪಿನಿಂದ ಗ್ರೂಪಿಗೆ ಓಡಾಡ್ತಾ ಇವೆ. ನಾನು ಇಲ್ಲಿಯವರೆಗೆ ನಾಲ್ಕು ಪಿಡಿಎಫ್ ನೋಡಿದ್ದೀನಿ. ಹೋಟೆಲ್ ಬೇರೆ, ರೇಟ್ ಬೇರೆ. ಆದ್ರೆ ನಾಲ್ಕರಲ್ಲೂ ಒಂದು ಸಾಲು ಮಾತ್ರ ಹಾಗೇ ಇದೆ: ಮೂರು ಹೊತ್ತೂ ಇಂಡಿಯನ್ ಊಟ ಸೇರಿದೆ.

ನನ್ನ ವಾದ ಇಷ್ಟೇ. ಬೆಳಗಿನ ತಿಂಡಿ ಹೋಟೆಲಿನಲ್ಲೇ ಇರಲಿ, ಉಳಿದ ಎರಡು ಹೊತ್ತಿನ ಊಟವನ್ನು ಆ ಪ್ಯಾಕೇಜಿನಿಂದ ತೆಗೆಸಿ, ಆ ದುಡ್ಡನ್ನು ನಿಮ್ಮ ಜೇಬಿನಲ್ಲೇ ಇಟ್ಕೊಳ್ಳಿ. ಥಾಯ್ಲೆಂಡ್ ಊಟಕ್ಕೆ ಹೆಸರಾದ ದೇಶ. ಅಲ್ಲಿಗೆ ಹೋಗಿ ದಿನಾ ಎರಡು ಹೊತ್ತು ಪನೀರ್ ಬಟರ್ ಮಸಾಲಾ ತಿನ್ನೋದು ಸಮುದ್ರದ ದಡಕ್ಕೆ ಹೋಗಿ ಬಕೆಟ್‌ನಲ್ಲಿ ಸ್ನಾನ ಮಾಡಿದ ಹಾಗೆ.

"ಮನೆ ಊಟ ಬೇಕಲ್ಲ ಗುರು, ಹೊರಗಿನದ್ದು ಸೇರಲ್ಲ" ಅಂತ ಒಬ್ಬರಾದ್ರೂ ಹೇಳ್ತಾರೆ. ಸರಿ, ಆದ್ರೆ ಪ್ಯಾಕೇಜಿನಲ್ಲಿ ಸಿಗೋದು ಯಾರ ಮನೆ ಊಟ? ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ನಾನು ಇಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋಗಿದ್ದೆ. ಐದು ದಿನ, ಹೆಚ್ಚುಕಡಿಮೆ ಒಂದೇ ಮೆನು: ಜೀರಾ ರೈಸ್, ದಾಲ್, ಪನೀರ್, ಗಟ್ಟಿ ನಾನ್, ಕೊನೆಗೆ ಗುಲಾಬ್ ಜಾಮೂನು. ಮುದ್ದೆ ಇಲ್ಲ, ಸಾರಿಲ್ಲ, ರೊಟ್ಟಿ ಇಲ್ಲ, ನೀರ್ ದೋಸೆಯಂತೂ ದೂರದ ಮಾತು. ಅದು ನಮ್ಮ ಊಟವೂ ಅಲ್ಲ, ಅವರ ಊಟವೂ ಅಲ್ಲ. ಅದಕ್ಕೋಸ್ಕರ ಬಸ್ಸು ಬ್ಯಾಂಕಾಕ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ತೆವಳ್ತಾ ಹೋಗುತ್ತೆ. ದಾರಿಯುದ್ದಕ್ಕೂ ಕಿಟಕಿಯ ಆಚೆ ಜನ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಬಿಸಿಬಿಸಿ ತಿಂತಾ ಇರ್ತಾರೆ. ನಾವು ನೋಡ್ತಾ ಇರ್ತೀವಿ.

ಹಾಗಾದ್ರೆ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು? ಮೊದಲು ಒಂದು ವಿಷಯ ತಲೆಯಲ್ಲಿರಲಿ. "ಥಾಯ್ ಫುಡ್" ಅಂತ ಒಂದೇ ಊಟ ಇಲ್ಲ. ಮಂಗಳೂರಿನ ಊಟಕ್ಕೂ ಕಲಬುರಗಿಯ ಊಟಕ್ಕೂ ಎಷ್ಟು ದೂರವೋ ಅಲ್ಲೂ ಅಷ್ಟೇ ದೂರ. ಉತ್ತರದಲ್ಲಿ ಚಿಯಾಂಗ್ ಮಾಯ್ ಕಡೆ ಒಂದು ರುಚಿ. ಈಶಾನ್ಯದ ಇಸಾನ್‌ನಲ್ಲಿ ಇನ್ನೊಂದು. ಬ್ಯಾಂಕಾಕ್ ಇರೋ ಮಧ್ಯದ ಬಯಲಿನಲ್ಲಿ ತೆಂಗಿನಹಾಲಿನ ಕರಿಗಳು, ಸ್ವಲ್ಪ ಸಿಹಿ. ದಕ್ಷಿಣದಲ್ಲಿ ಅರಿಶಿನ, ಮೀನು, ಹುಳಿ, ಜೊತೆಗೆ ಕಣ್ಣಲ್ಲಿ ನೀರು ಬರಿಸೋ ಖಾರ. ಹಾಗಾಗಿ "ಒಳ್ಳೆ ಥಾಯ್ ರೆಸ್ಟೋರೆಂಟ್ ಯಾವುದು?" ಅನ್ನೋ ಪ್ರಶ್ನೆಯೇ ಸರಿಯಾದದ್ದಲ್ಲ. "ಈ ತಿನಿಸು ಎಲ್ಲಿ ಚೆನ್ನಾಗಿ ಮಾಡ್ತಾರೆ?" ಅಂತ ಕೇಳಬೇಕು. ಮೊದಲು ತಿನಿಸು, ಆಮೇಲೆ ಅಂಗಡಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹುಡುಕೋನು ಮಲ್ಟಿ ಕ್ಯುಸಿನ್ ಬೋರ್ಡ್ ನೋಡಿ ಒಳಗೆ ಹೋಗಲ್ಲ ತಾನೇ?

ನನ್ನ ಫೇವರಿಟ್ ಐದನ್ನು ಹೇಳ್ತೀನಿ. ಪ್ರತಿಯೊಂದರ ಜೊತೆ ಅದನ್ನು ಎಲ್ಲಿ ಹುಡುಕಬೇಕು ಅನ್ನೋದನ್ನೂ.

ಮೊದಲನೇದು ಸೋಮ್ ಟಾಮ್. ಹಸಿ ಪಪ್ಪಾಯಿ ಎಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ, ತಾಳೆ ಬೆಲ್ಲ, ಟೊಮೆಟೊ, ಅಲಸಂದೆ ಕಾಯಿ. ಎಲ್ಲ ಒಂದು ಉದ್ದನೆಯ ಒರಳಿಗೆ ಹಾಕಿ ಟಕ್ ಟಕ್ ಅಂತ ಕುಟ್ಟಿ ಕೊಡ್ತಾರೆ. ನಮ್ಮ ಕೋಸಂಬರಿ ಸಿಟ್ಟಿಗೆದ್ದರೆ ಹೇಗಿರುತ್ತೋ ಹಾಗೆ. ಇದು ಲಾವೋಸ್ ಮತ್ತು ಇಸಾನ್ ಸೀಮೆಯ ತಿನಿಸು. ದೇಶದ ಸುಮಾರು ಮೂರನೇ ಒಂದು ಭಾಗ ಜನ ಇಸಾನ್‌ನವರು. ಮಳೆ ನಂಬಿದ ಬೇಸಾಯ, ಆದಾಯ ಕಡಿಮೆ. ಹಾಗಾಗಿ ಬ್ಯಾಂಕಾಕಿಗೆ ಕಟ್ಟಡ ಕೆಲಸಕ್ಕೆ, ಟ್ಯಾಕ್ಸಿ ಓಡಿಸೋದಕ್ಕೆ ಅಲ್ಲಿಂದ ಲಕ್ಷಗಟ್ಟಲೆ ಜನ ಬಂದ್ರು, ಅವರ ಹಿಂದೆ ಅವರ ಒರಳೂ ಬಂತು. ಬೆಂಗಳೂರಿಗೆ ಉತ್ತರ ಕರ್ನಾಟಕದ ಖಾನಾವಳಿ ಬಂದ ಹಾಗೆ. ಆದ್ದರಿಂದ ಸೋಮ್ ಟಾಮ್ ಬೇಕಂದ್ರೆ ಟ್ಯಾಕ್ಸಿ ಡ್ರೈವರ್‌ಗಳು ಎಲ್ಲಿ ತಿಂತಾರೆ ನೋಡಿ. ಸುಟ್ಟ ಕೋಳಿ, ಅಂಟು ಅನ್ನ, ಸೋಮ್ ಟಾಮ್, ಈ ಮೂರು ಇದ್ರೆ ಅದು ಸರಿಯಾದ ಜಾಗ. ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿಂತಾರೆ. ಮುದ್ದೆ ತಿಂದು ಬೆಳೆದೋರಿಗೆ ಟ್ರೈನಿಂಗ್ ಬೇಕಾಗಿಲ್ಲ.

ಎರಡನೇದು ಪ್ಯಾಡ್ ಕ್ರಪಾವ್. ಕೊಚ್ಚಿದ ಮಾಂಸ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊನೆಯಲ್ಲಿ ಒಂದು ಹಿಡಿ ಎಲೆ. ಜೋರು ಉರಿಯಲ್ಲಿ ಹುರಿದು ಬಿಸಿ ಅನ್ನದ ಮೇಲೆ ಹಾಕಿ, ಅದರ ಮೇಲೆ ಅಂಚು ಗರಿಗರಿಯಾದ ಕರಿದ ಮೊಟ್ಟೆ. ಆ ಎಲೆ ಯಾವುದು ಗೊತ್ತಾ? ಕ್ರಪಾವ್ ಅಂದ್ರೆ ತುಳಸಿ! ನಮ್ಮ ಅಂಗಳದ ಕಟ್ಟೆಯ ತುಳಸಿಯ ಜಾತಿಯೇ. ನಾವು ಪೂಜೆಗೂ ಕಷಾಯಕ್ಕೂ ಬಳಸಿದ್ದನ್ನು ಅವರು ಒಗ್ಗರಣೆಗೆ ಬಳಸ್ತಾರೆ. ಇದನ್ನು ಕೇಳಿ ಅಮ್ಮ ಎರಡು ನಿಮಿಷ ಮಾತೇ ಆಡಲಿಲ್ಲ. ಏನು ತಿನ್ನೋದು ಅಂತ ತೋಚದಿದ್ದಾಗ ಥಾಯ್ ಜನ ಆರ್ಡರ್ ಮಾಡೋದು ಇದನ್ನೇ. ನಮಗೆ ಚಿತ್ರಾನ್ನ ಇದ್ದ ಹಾಗೆ. ರಸ್ತೆ ಬದಿಯಲ್ಲಿ ಒಂದು ಬಾಣಲಿ, ಒಬ್ಬ ಅಡುಗೆಯವರು ಇರೋ ಕಡೆಯೆಲ್ಲಾ ಸಿಗುತ್ತೆ.

ಮೂರನೇದು ಖಾವ್ ಸೋಯ್. ಇದಕ್ಕೆ ಚಿಯಾಂಗ್ ಮಾಯ್‌ಗೇ ಹೋಗಬೇಕು. ತೆಂಗಿನಹಾಲಿನ ಕರಿಯಲ್ಲಿ ಮೊಟ್ಟೆ ನೂಡಲ್ಸ್, ಮೇಲೆ ಕರಿದ ನೂಡಲ್ಸ್, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಹಸಿ ಸಣ್ಣ ಈರುಳ್ಳಿ, ನಿಂಬೆಹಣ್ಣು. ಚೀನಾದ ಯುನ್ನಾನ್ ಕಡೆಯಿಂದ ಹೇಸರಗತ್ತೆಗಳ ಮೇಲೆ ಸರಕು ಹೊತ್ತು ಬರ್ತಿದ್ದ ಮುಸ್ಲಿಂ ವ್ಯಾಪಾರಿಗಳ ಜೊತೆ ಈ ತಿನಿಸಿನ ಹೆಸರು ಕೂಡಿಕೊಂಡಿದೆ. ಚಿಯಾಂಗ್ ಮಾಯ್‌ನ ಬಾನ್ ಹೋ ಮಸೀದಿಯ ಗಲ್ಲಿಯಲ್ಲಿ ಹಲಾಲ್ ಖಾವ್ ಸೋಯ್ ಅಂಗಡಿಗಳಿವೆ. ಹಂದಿ ಮಾಂಸ ಎಲ್ಲಿ ಬೆರೆತಿರುತ್ತೋ ಅಂತ ಗ್ರೂಪಿನಲ್ಲಿ ಯೋಚನೆ ಮಾಡೋ ಗೆಳೆಯರು ಇಲ್ಲಿ ನಿಶ್ಚಿಂತೆಯಿಂದ ಕೂರಬಹುದು.

ನಾಲ್ಕನೇದು ಮಸಮನ್ ಕರಿ. ಏಲಕ್ಕಿ, ಚಕ್ಕೆ, ಲವಂಗ, ಜೀರಿಗೆ, ಆಲೂಗಡ್ಡೆ, ಕಡಲೆಕಾಯಿ ಬೀಜ. ಮೂಗಿಗೆ ತಕ್ಷಣ ಗುರುತು ಸಿಗುತ್ತೆ. ಮುಸಲ್ಮಾನ್ ಅನ್ನೋ ಪದದಿಂದಲೇ ಈ ಹೆಸರು ಬಂದಿದೆ ಅಂತಾರೆ. ಹೊಸ ರುಚಿ ಅಂದ್ರೆ ಹೆದರೋ ಗೆಳೆಯನಿಗೆ ಮೊದಲು ಕೊಡಿಸಬೇಕಾದದ್ದು ಇದು. ಖಾರ ಕಮ್ಮಿ, ಪರಿಚಯದ ಪರಿಮಳ.

ಐದನೇದು ಮಾವಿನಹಣ್ಣು, ಅಂಟು ಅನ್ನ. ಮೇಲೆ ಉಪ್ಪುಸಿಹಿ ತೆಂಗಿನಹಾಲು. ಸೀಸನ್ ಏಪ್ರಿಲ್, ಮೇ. ನಮ್ಮ ಸೆಮಿಸ್ಟರ್ ರಜೆ ಆ ಕಡೆ ಬಿದ್ರೆ ಅದೃಷ್ಟ. ಬ್ಯಾಂಕಾಕಿನ ಚತುಚಾಕ್ ಸಂತೆಯ ಪಕ್ಕದಲ್ಲಿರೋ ಓರ್ ತೋರ್ ಕೋರ್ ಮಾರುಕಟ್ಟೆಯಲ್ಲಿ ಒಳ್ಳೆ ಹಣ್ಣು ಸಿಗುತ್ತೆ. ರೇಟು ಸ್ವಲ್ಪ ಜಾಸ್ತಿ, ಜಾಗ ಬಹಳ ಕ್ಲೀನ್.

"ಪ್ಯಾಡ್ ಥಾಯ್ ಎಲ್ಲಿ?" ಅಂತ ಕೇಳ್ತೀರಿ. ಅದರದ್ದು ಬೇರೆಯೇ ಕಥೆ. 1938ರಿಂದ 1944ರವರೆಗೆ ಪ್ರಧಾನಿಯಾಗಿದ್ದ ಫಿಬುನ್ ಸೋಂಗ್‌ಖ್ರಾಮ್ ಕಾಲದಲ್ಲಿ ಸಯಾಮ್ ಅನ್ನೋ ಹೆಸರು ಹೋಗಿ ಥಾಯ್ಲೆಂಡ್ ಆಯ್ತು, 1939ರಲ್ಲಿ. ಜನ ಏನು ಉಡಬೇಕು, ಹೇಗೆ ನಡೆದುಕೊಳ್ಳಬೇಕು ಅಂತಲೂ ಸರಕಾರವೇ ಹೇಳೋಕೆ ಶುರು ಮಾಡ್ತು. ನೂಡಲ್ಸ್ ತಿನ್ನಿ ಅಂತಲೂ ಪ್ರಚಾರ ನಡೀತು. ಪ್ಯಾಡ್ ಥಾಯ್ ದೇಶದ ತಿನಿಸು ಅನ್ನಿಸಿಕೊಂಡಿದ್ದು ಆ ಕಾಲದ ಗಾಳಿಯಲ್ಲೇ. ನೂಡಲ್ಸ್ ಚೀನಾದ್ದು, ಹುರಿಯೋ ಬಾಣಲಿ ಚೀನಾದ್ದು, ಹೆಸರು ಮಾತ್ರ ಥಾಯ್! ಹಾಗಂತ ಅದನ್ನು ಬಿಡಬೇಕಾಗಿಲ್ಲ. ಬ್ಯಾಂಕಾಕಿನ ಮಹಾಚಾಯ್ ರಸ್ತೆಯಲ್ಲಿ ಥಿಪ್ ಸಮಾಯ್ ಅನ್ನೋ ಅಂಗಡಿ ಪ್ಯಾಡ್ ಥಾಯ್‌ನಿಂದಲೇ ಹೆಸರು ಮಾಡಿದೆ. ತೆಳ್ಳಗಿನ ಆಮ್ಲೆಟ್‌ನಲ್ಲಿ ಸುತ್ತಿ ಕೊಡೋದು ಅದರ ಸ್ಪೆಷಲ್. ಅದರ ಹತ್ತಿರದಲ್ಲೇ ಜೇ ಫಾಯ್ ಅವರ ಅಂಗಡಿ. 2018ರ ಬ್ಯಾಂಕಾಕ್ ಮಿಶೆಲಿನ್ ಗೈಡ್‌ನಲ್ಲಿ ರಸ್ತೆ ಬದಿ ಅಡುಗೆಗೆ ಒಂದು ಸ್ಟಾರ್ ಪಡೆದವರು ಅವರು. ಕಣ್ಣಿಗೆ ದೊಡ್ಡ ಗಾಗಲ್ಸ್ ಹಾಕಿಕೊಂಡು ಇದ್ದಿಲ ಉರಿಯ ಮುಂದೆ ನಿಂತು ಏಡಿ ಆಮ್ಲೆಟ್ ಮಾಡ್ತಾರೆ. ನಮ್ಮ ಬಜೆಟ್‌ಗೆ ಎಟುಕಲ್ಲ, ಆದ್ರೆ ರಸ್ತೆಯ ಆಚೆ ನಿಂತು ನೋಡೋಕೆ ದುಡ್ಡಿಲ್ಲ.

ಇಷ್ಟೆಲ್ಲಾ ಹೇಳಿದ್ದು ಯಾಕಂದ್ರೆ "ಅಥೆಂಟಿಕ್" ಅನ್ನೋ ಮಾತಿಗೆ ನಾವು ಸುಮ್ಮನೆ ಮರುಳಾಗ್ತೀವಿ. ಆ ಊಟದ ಪ್ರಾಣವಾದ ಮೆಣಸಿನಕಾಯಿಯೇ ಅಮೆರಿಕ ಖಂಡದಿಂದ ಬಂದದ್ದು, ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಲ್ಲೇ. ಶುದ್ಧ ಥಾಯ್ ಅನ್ನೋದನ್ನು ಹುಡುಕಿ ಹೊರಟ್ರೆ ಏನೂ ಸಿಗಲ್ಲ. ನೋಡಬೇಕಾದ್ದು ಕೈಕೆಲಸ. ಮಸಾಲೆ ಅವತ್ತೇ ಕುಟ್ಟಿದ್ದಾ, ಡಬ್ಬದಿಂದ ಬಂದದ್ದಾ? ಬಾಣಲಿ ನಿಜವಾಗಿ ಕಾದಿತ್ತಾ? ಒಂದೇ ತಿನಿಸನ್ನು ದಿನಕ್ಕೆ ನೂರು ಸಲ ಮಾಡೋ ಕೈಗೂ, ನೂರು ತಿನಿಸನ್ನು ಒಂದೊಂದು ಸಲ ಮಾಡೋ ಕೈಗೂ ವ್ಯತ್ಯಾಸ ಇದ್ದೇ ಇರುತ್ತೆ. ಮೆನು ಚಿಕ್ಕದಿದ್ದಷ್ಟು ಒಳ್ಳೇದು.

ದುಡ್ಡಿನ ವಿಷಯಕ್ಕೆ ಬರೋಣ. ಅಲ್ಲಿನ ದುಡ್ಡಿನ ಹೆಸರೇ ಬಾತ್, ಊಟಕ್ಕೆ ಶುಭ ಸೂಚನೆ. ಖಾವ್ ಗೇಂಗ್ ಅನ್ನೋ ಅಂಗಡಿಗಳಲ್ಲಿ ಬೆಳಗ್ಗೆಯೇ ಮಾಡಿಟ್ಟ ಕರಿಗಳು ಟ್ರೇಗಳಲ್ಲಿ ಸಾಲಾಗಿ ಇರ್ತವೆ. ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಹಾಕಿ ಕೊಡ್ತಾರೆ. ಭಾಷೆ ಬೇಡ, ಮೆನು ಬೇಡ. ಹಾಸ್ಟೆಲ್ ಮೆಸ್ ಥರಾನೇ, ರುಚಿ ಮಾತ್ರ ಬೇರೆ ಲೆವೆಲ್. ಬೀದಿ ಬದಿ ಬೇಡ, ಹೊಟ್ಟೆ ಕೆಡುತ್ತೆ ಅನ್ನೋರಿಗೆ ಮಾಲ್‌ಗಳ ಫುಡ್ ಕೋರ್ಟ್ ಇದೆ. ಅಸೋಕ್ ಸ್ಟೇಷನ್ ಹತ್ತಿರದ ಟರ್ಮಿನಲ್ 21 ಮಾಲಿನ ಪಿಯರ್ 21 ಅಗ್ಗಕ್ಕೆ ಹೆಸರುವಾಸಿ. ಕಾರ್ಡಿಗೆ ದುಡ್ಡು ಹಾಕಿಸಿ, ತಿಂದು, ಉಳಿದದ್ದನ್ನು ವಾಪಸ್ ತಗೋಬಹುದು. ಇಂಥ ಕಡೆ ನೂರೈವತ್ತು, ಇನ್ನೂರು ರೂಪಾಯಿಯಲ್ಲಿ ಹೊಟ್ಟೆ ತುಂಬುತ್ತೆ. ಪ್ಯಾಕೇಜಿನ ಊಟದ ರೇಟನ್ನು ನಿಮ್ಮ ಏಜೆಂಟ್ ಹತ್ತಿರ ಬಿಡಿಸಿ ಕೇಳಿ, ಹೋಲಿಸಿ ನೋಡಿ.

ಈಗ ನಿಜವಾದ ಕಷ್ಟದ ಪ್ರಶ್ನೆ. ನಮ್ಮ ಕ್ಲಾಸಿನಲ್ಲಿ ಸಸ್ಯಾಹಾರಿಗಳು ತುಂಬಾ ಜನ ಇದ್ದಾರೆ. ಪ್ಯಾಕೇಜ್ ಊಟ ಬೇಕು ಅನ್ನೋರೂ ಹೆಚ್ಚಾಗಿ ಅವರೇ. ಅವರ ಭಯ ಸುಳ್ಳಲ್ಲ, ಅದನ್ನು ನಗಾಡಬಾರದು. "ಬೌದ್ಧರ ದೇಶ ಅಲ್ವಾ, ವೆಜ್ ಸಿಗುತ್ತೆ ಬಿಡು" ಅಂತ ಸಮಾಧಾನ ಹೇಳೋರೇ ಅಪಾಯ. ಅಲ್ಲಿ ಭಿಕ್ಷುಗಳೂ ಭಿಕ್ಷೆಯಲ್ಲಿ ಬಂದ ಮಾಂಸ ತಿಂತಾರೆ. ಉಪ್ಪಿನ ಬದಲು ನಾಮ್ ಪ್ಲಾ, ಅಂದ್ರೆ ಮೀನನ್ನು ಉಪ್ಪು ಹಾಕಿ ಹುದುಗಿಸಿ ತೆಗೆದ ರಸ. ಕರಿ ಮಸಾಲೆಯಲ್ಲಿ ಕಪಿ. ಹೆದರಬೇಡಿ, ಮಂಗ ಅಲ್ಲ, ಸಿಗಡಿ ಪೇಸ್ಟ್. ಬರೀ ತರಕಾರಿ ಕಾಣಿಸೋ ಗ್ರೀನ್ ಕರಿಯಲ್ಲೂ ಇವು ಇರಬಹುದು.

ಆದ್ರೆ ಇದಕ್ಕೆ ಅಲ್ಲಿಯವರದ್ದೇ ಒಂದು ಉತ್ತರ ಇದೆ, ಅದರ ಹೆಸರು "ಜೇ". ಚೀನೀ ಮೂಲದ ಥಾಯ್ ಜನರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮಲ್ಲಿ ಎಷ್ಟೋ ಮನೆಗಳ ಹಬ್ಬದ ಅಡುಗೆಯ ನಿಯಮವೇ ಅದು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿ ಜೇ ಹಬ್ಬ, ಫುಕೆಟ್‌ನಲ್ಲಂತೂ ಬಹಳ ಜೋರು. ಸಾಮಾನ್ಯವಾಗಿ ಅದು ನಮ್ಮ ನವರಾತ್ರಿಯ ದಿನಗಳಲ್ಲೇ ಬರುತ್ತೆ. 2024ರಲ್ಲಿ ಎರಡೂ ಶುರುವಾದದ್ದು ಅಕ್ಟೋಬರ್ 3ಕ್ಕೆ. ಆಗ ಬೀದಿ ತುಂಬಾ ಹಳದಿ ಬಾವುಟ. ಉಳಿದ ದಿನಗಳಲ್ಲೂ ಜೇ ಅಂಗಡಿಗಳಿರ್ತವೆ. ಗುರುತು ಸುಲಭ: ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ, ದೂರದಿಂದ ನೋಡಿದ್ರೆ ಇಂಗ್ಲಿಷಿನ 17 ಬರೆದ ಹಾಗೆ ಕಾಣುತ್ತೆ. ನಮ್ಮ ಅಮ್ಮ ಪಕ್ಕಾ ಸಸ್ಯಾಹಾರಿ. ನಾನು, ಅಪ್ಪ "ಹೊರಗಡೆ ಮಾತ್ರ" ತಿನ್ನೋ ಪಾರ್ಟಿ. ಆ ಟ್ರಿಪ್ಪಿನ ಒಂದು ಬಿಡುವಿನ ಸಂಜೆ ಇಂಥ ಅಂಗಡಿಯಲ್ಲಿ ಅಮ್ಮ ಅಣಬೆ, ತೋಫು ಹಾಕಿದ ಕರಿ ಮತ್ತು ಅನ್ನ ತಿಂದ್ರು. "ಐದು ದಿನಕ್ಕೆ ಇದೊಂದೇ ಊಟ ಅಂತ ಅನ್ನಿಸಿದ್ದು" ಅಂದ್ರು. ಪ್ಯಾಕೇಜಿನ ಪನೀರ್ ಬಗ್ಗೆ ಅವರು ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಅದಕ್ಕೇ ಸಸ್ಯಾಹಾರಿ ಗೆಳೆಯರಿಗೆ ನನ್ನ ಮಾತು: ನಿಮಗೆ ಬೇಕಾಗಿರೋದು ಪ್ಯಾಕೇಜ್ ಅಲ್ಲ, ಮೂರು ಮಾತು. "ಕಿನ್ ಜೇ" ಅಂದ್ರೆ ಜೇ ಊಟ ಮಾಡ್ತೀನಿ. "ಮೈ ಸೈ ನಾಮ್ ಪ್ಲಾ" ಅಂದ್ರೆ ನಾಮ್ ಪ್ಲಾ ಹಾಕಬೇಡಿ. "ಮೈ ಸೈ ಕಪಿ" ಅಂದ್ರೆ ಸಿಗಡಿ ಪೇಸ್ಟ್ ಹಾಕಬೇಡಿ. ಉಚ್ಚಾರಣೆಯಲ್ಲಿ ರಾಗ ಮುಖ್ಯ, ಹಾಗಾಗಿ ಫೋನಿನಲ್ಲಿ ಥಾಯ್ ಅಕ್ಷರದಲ್ಲಿ ಬರೆದಿಟ್ಕೊಂಡು ತೋರಿಸಿ. ಕಡಲೆಕಾಯಿ ಬೀಜ ಅಲರ್ಜಿ ಇರೋರು ಅದನ್ನೂ ಬರೆಸ್ಕೊಳ್ಳಿ. ಸೋಮ್ ಟಾಮ್, ಪ್ಯಾಡ್ ಥಾಯ್, ಮಸಮನ್ ಮೂರರಲ್ಲೂ ಅದು ಇರುತ್ತೆ. ಮಾಂಸ ತಿನ್ನೋರಿಗೂ ಒಂದು ಮಾತು. ಗ್ರೂಪಿನಲ್ಲಿ ಒಬ್ಬ ಸಸ್ಯಾಹಾರಿ ಇದ್ರೂ ದಿನಕ್ಕೆ ಒಂದು ಹೊತ್ತಾದ್ರೂ ಎಲ್ಲರೂ ಜೇ ಅಂಗಡಿಗೆ ಹೋಗಿ. ಅವನು ಹೋಟೆಲ್ ರೂಮಿನಲ್ಲಿ ಒಬ್ಬನೇ ಕೂತು ಅವಲಕ್ಕಿ ತಿನ್ನೋ ಹಾಗಾದ್ರೆ ಈ ಲೇಖನ ಬರೆದದ್ದು ದಂಡ.

ಟ್ರಿಪ್‌ಗೆ ಹೋಗದೋರು ಏನು ಮಾಡೋದು? ಬೆಂಗಳೂರಿನಲ್ಲಿ ಥಾಯ್ ಊಟ ಅಂದ್ರೆ ಬಹಳ ಕಾಲ ದೊಡ್ಡ ಹೋಟೆಲ್‌ಗಳ ಸಂಗತಿಯಾಗಿತ್ತು. ಎಂ.ಜಿ. ರೋಡಿನ ಒಬೆರಾಯ್‌ನಲ್ಲಿರೋ ರಿಮ್ ನಾಮ್ ಅದಕ್ಕೆ ಉದಾಹರಣೆ. ಹೆಸರಿನ ಅರ್ಥ ನೀರಿನ ದಡ, ಬಿಲ್ಲು ಮಾತ್ರ ನಮ್ಮನ್ನು ಮುಳುಗಿಸುತ್ತೆ. ಕೆಲಸ ಸಿಕ್ಕಮೇಲೆ ನೋಡೋಣ. ಬೇರೆ ಎಲ್ಲಿಗೇ ಹೋದ್ರೂ ವೇಟರ್‌ಗೆ ಎರಡು ಪ್ರಶ್ನೆ ಕೇಳಿ. ಕರಿ ಪೇಸ್ಟ್ ಇಲ್ಲೇ ಮಾಡ್ತೀರಾ? ವೆಜ್ ಕರಿಗೆ ನಾಮ್ ಪ್ಲಾ ಬದಲು ಏನು ಹಾಕ್ತೀರಾ? ಎರಡಕ್ಕೂ ಒಳಗೆ ಹೋಗಿ ಕೇಳ್ಕೊಂಡು ಬಂದು ಉತ್ತರ ಹೇಳಿದ್ರೆ ಆ ಜಾಗ ನಂಬಬಹುದು. ಕರಿ ಬಂದಮೇಲೆ ಮೇಲ್ಗಡೆ ನೋಡಿ. ತೆಂಗಿನಹಾಲು ಎಣ್ಣೆ ಬಿಟ್ಟು ಸಣ್ಣ ಸಣ್ಣ ಹನಿ ತೇಲ್ತಾ ಇದ್ರೆ ಯಾರೋ ಒಲೆ ಮುಂದೆ ನಿಂತು ಮಾಡಿದ್ದಾರೆ ಅಂತ ಅರ್ಥ. ಕಾರ್ನ್‌ಫ್ಲೋರ್ ಗಂಜಿ ಥರ ಇದ್ರೆ ಇಲ್ಲ.

ಅದೂ ಬೇಡ ಅಂದ್ರೆ ರಜೆಗೆ ಊರಿಗೆ ಹೋದಾಗ ಮನೆಯಲ್ಲೇ ಕುಟ್ಟಿ ನೋಡಿ. ಲೆಮನ್‌ಗ್ರಾಸ್ ಅಂದ್ರೆ ನಮ್ಮ ಮಜ್ಜಿಗೆ ಹುಲ್ಲು, ಎಷ್ಟೋ ಹಿತ್ತಲಲ್ಲಿ ಬೆಳೆದಿದೆ. ಕೊತ್ತಂಬರಿ ಬೇರನ್ನು ನಾವು ಕತ್ತರಿಸಿ ಬಿಸಾಕ್ತೀವಿ, ಗ್ರೀನ್ ಕರಿಗೆ ಅದೇ ಬೇಕು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ ಮನೆಯಲ್ಲೇ ಇರುತ್ತೆ. ಗಲಂಗಲ್ ಮತ್ತು ಮಕ್ರೂಟ್ ನಿಂಬೆ ಎಲೆ ಎರಡನ್ನು ಮಾತ್ರ ಬೆಂಗಳೂರಿನ ದೊಡ್ಡ ಸೂಪರ್‌ಮಾರ್ಕೆಟ್‌ನಿಂದ ತರಬೇಕು. ಎಲ್ಲ ಒರಳಲ್ಲಿ ಕುಟ್ಟಿ, ಗಟ್ಟಿ ತೆಂಗಿನಹಾಲಲ್ಲಿ ಎಣ್ಣೆ ಬಿಡೋವರೆಗೆ ಹುರಿದು, ಆಮೇಲೆ ತೆಳು ಹಾಲು ಮತ್ತು ಬದನೆಕಾಯಿ ಹಾಕಿ ಕುದಿಸಿ. ಉಪ್ಪಿಗೆ ಉಪ್ಪೇ ಹಾಕಿದ್ರೆ ಅದು ವೆಜ್ ಗ್ರೀನ್ ಕರಿ. ಬ್ಯಾಂಕಾಕಿನವರು ಒಪ್ಪದೇ ಇರಬಹುದು, ಅಜ್ಜಿ ಒಪ್ಪಬಹುದು.

ಮತ್ತೆ ಟ್ರಿಪ್ ವಿಷಯಕ್ಕೆ. ಅಡ್ವಾನ್ಸ್ ಕಟ್ಟೋ ಮುಂಚೆ ಟ್ರಾವೆಲ್ಸ್‌ನವರಿಗೆ ಒಂದು ಮೆಸೇಜ್ ಹಾಕಿ: ತಿಂಡಿ ಇರಲಿ, ಊಟ ತೆಗೀರಿ, ರೇಟ್ ಎಷ್ಟು ಕಮ್ಮಿ ಆಗುತ್ತೆ ಹೇಳಿ. "ಆಗಲ್ಲ, ಎಲ್ಲರೂ ಹಾಗೇ ತಗೊಳ್ಳೋದು" ಅಂತಾರೆ. ನಲವತ್ತು ಜನ ಒಟ್ಟಿಗೆ ಕೇಳಿದ್ರೆ ಆಗುತ್ತೆ.